ವ್ಯಾಯಾಮದ ಬಟ್ಟೆ: ಕೊಳ್ಳುವ ಮುನ್ನ ಒಳಮಗ್ಗುಲು ನೋಡಿ

ಬಣ್ಣ, ವಿನ್ಯಾಸ ಎಷ್ಟೇ ಚೆನ್ನಾಗಿರಲಿ, ಮೈಗೆ ತಾಗುವುದು ಬಟ್ಟೆಯ ಒಳಮಗ್ಗುಲು. ಹಾಗಾಗಿ ಅಂಗಿಯನ್ನು ಕೈಗೆತ್ತಿಕೊಂಡ ಕೂಡಲೇ ಒಳಹೊರಗು ಮಾಡಿ ಹಿಡಿಯಿರಿ.

ಮೊದಲು ಲೇಬಲ್. ಹತ್ತಿ ಬೆವರನ್ನು ಚೆನ್ನಾಗಿ ಹೀರುತ್ತದೆ, ಆದರೆ ಬೇಗ ಆರುವುದಿಲ್ಲ. ದಿನಬಳಕೆಗೆ, ಒಳ ಉಡುಪಿಗೆ, ಯೋಗಾಸನಕ್ಕೆ ಅದೇ ಹಿತ. ಅರ್ಧ ಗಂಟೆ ಜೋರಾಗಿ ಓಡಿದರೆ ಮಾತ್ರ ತೊಯ್ದು ಭಾರವಾಗಿ ಮೈಗೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆ ನೀರನ್ನು ತನ್ನೊಳಕ್ಕೆ ಬಹುತೇಕ ಬಿಟ್ಟುಕೊಳ್ಳುವುದಿಲ್ಲ. ತೇವ ಎಳೆಗಳ ನಡುವೆ ಹರಡಿ, ಹೊರಮೈಗೆ ಬಂದು ಆರುತ್ತದೆ. ಹಾಗೆಂದು ಎಲ್ಲ ಪಾಲಿಯೆಸ್ಟರ್ ಓಟಕ್ಕೆ ಆಗಿಬರುವುದಿಲ್ಲ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಸೆಕೆ ಒಳಗೇ ಉಳಿಯುತ್ತದೆ. ಬೆಳಕಿಗೆ ಹಿಡಿದಾಗ ಸಣ್ಣ ಸಣ್ಣ ತೂತು ಕಾಣುವ ಹೆಣಿಗೆ ಆರಿಸಿ. ಜಿಎಸ್‌ಎಂ, ಅಂದರೆ ಚದರ ಮೀಟರಿನ ತೂಕ, ಓಟದ ಅಂಗಿಗೆ 120ರಿಂದ 150 ಗ್ರಾಂ, ದಿನಬಳಕೆಯ ಟೀ ಶರ್ಟಿಗೆ 160ರಿಂದ 180 ಗ್ರಾಂ ಇದ್ದರೆ ಸಾಕು.

ಆಮೇಲೆ ಹೊಲಿಗೆ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ, ಮೈ ಉಜ್ಜಿ ಕೆಂಪಾಗುವುದು ಮಾತ್ರ ಬಹುಪಾಲು ಇಲ್ಲಿಂದಲೇ. ಬೆವರಿಗೆ ಚರ್ಮ ಮೆತ್ತಗಾಗುತ್ತದೆ, ಬೆವರು ಆರಿದಲ್ಲಿ ಉಪ್ಪಿನ ಹರಳು ಉಳಿಯುತ್ತದೆ, ಪ್ರತಿ ಹೆಜ್ಜೆಗೂ ಅದೇ ಜಾಗವನ್ನು ಹೊಲಿಗೆಯ ಏಣು ತಿಕ್ಕುತ್ತದೆ. ಕಂಕುಳು, ಒಳತೊಡೆ, ಕತ್ತಿನ ಹಿಂದಿನ ಲೇಬಲ್ ಇವುಗಳ ಮೇಲೆ ಬೆರಳಾಡಿಸಿ. ಏಣು ಕೈಗೆ ಹತ್ತಿದರೆ ಬೇಡ, ಫ್ಲಾಟ್‌ಲಾಕ್ ಎಂಬ ಚಪ್ಪಟೆ ಹೊಲಿಗೆಯದ್ದು ಹುಡುಕಿ. ಪ್ಯಾಂಟಿನಲ್ಲಿ ನಾಲ್ಕೂ ಹೊಲಿಗೆ ತೊಡೆಸಂದಿಯ ಒಂದೇ ಬಿಂದುವಿನಲ್ಲಿ ಕೂಡುವ ಬದಲು, ಅಲ್ಲಿ ಬೇರೆಯೇ ತುಂಡು ಬಟ್ಟೆ ಕೂಡಿಸಿರಬೇಕು. ಉಜ್ಜುವುದೂ ಕಡಿಮೆ, ಕೂತೆದ್ದಾಗ ಹರಿಯುವುದೂ ಕಡಿಮೆ.

ಹಾಕಿ ನೋಡುವಾಗ ಕನ್ನಡಿ ಮುಂದೆ ಸುಮ್ಮನೆ ನಿಲ್ಲಬೇಡಿ. ಎರಡೂ ಕೈ ಮೇಲೆತ್ತಿ, ಪೂರ್ತಿ ಕುಕ್ಕರಗಾಲಲ್ಲಿ ಕೂತು ಏಳಿ, ನಿಂತಲ್ಲೇ ನಾಲ್ಕು ಸಲ ಜಿಗಿಯಿರಿ. ಸೊಂಟದ ಎಲಾಸ್ಟಿಕ್ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಸ್ಪೋರ್ಟ್ಸ್ ಬ್ರಾದಲ್ಲಿ ಹೆಚ್ಚಿನ ಆಧಾರ ಕೊಡುವುದು ಎದೆಯ ಸುತ್ತಿನ ಪಟ್ಟಿ, ಭುಜದ ಪಟ್ಟಿಯಲ್ಲ. ಕೈ ಎತ್ತಿದಾಗ ಸುತ್ತುಪಟ್ಟಿ ಮೇಲೇರಿದರೆ ಅಳತೆ ಸಡಿಲ. ಹುಕ್ ಇರುವುದಾದರೆ ಕೊನೆಯ, ಅಂದರೆ ಅತಿ ಸಡಿಲದ ಹುಕ್ಕಿಗೆ ಸರಿಹೊಂದುವುದನ್ನು ಕೊಳ್ಳಿ. ಎಲಾಸ್ಟಿಕ್ ಹಿಗ್ಗಿದಂತೆ ಒಳಗಿನ ಹುಕ್ಕಿಗೆ ಬರಬಹುದು.

ಓಟಕ್ಕೆ ಬರೀ ಹತ್ತಿಯ ಕಾಲುಚೀಲ ಬೇಡ, ಒದ್ದೆಯಾಗಿ ಬೊಬ್ಬೆ ಬರಿಸುತ್ತದೆ.

ಹೊಸ ಬಟ್ಟೆಯನ್ನು ಒಗೆಯದೆ ತೊಡಬೇಡಿ. ಹೆಚ್ಚುವರಿ ಬಣ್ಣ, ಗಂಜಿ, ರಾಸಾಯನಿಕ ಕೆಲವರ ಚರ್ಮಕ್ಕೆ ತುರಿಕೆ ತರುತ್ತವೆ. ಪಾಲಿಯೆಸ್ಟರ್ ಮೈಯ ಜಿಡ್ಡನ್ನು ಹಿಡಿದಿಟ್ಟುಕೊಂಡು ಬೇಗ ನಾರುತ್ತದೆ, ಆದ್ದರಿಂದ ಒಳಮಗ್ಗುಲು ಹೊರಗೆ ಮಾಡಿ ಅಂದೇ ಒಗೆಯಿರಿ. ವಾಸನೆಗೆಂದು ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಎಳೆಗಳ ಮೇಲೆ ಮೇಣದಂಥ ಪದರ ಕೂತು ಬೆವರು ಹರಡುವುದು ಕಡಿಮೆಯಾಗುತ್ತದೆ. ಹಿಗ್ಗುವ ಬಟ್ಟೆಗೆ ಬಿಸಿ ನೀರು, ಇಸ್ತ್ರಿ ಎರಡೂ ಆಗದು. ಒಳಗಿನ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ಎಳೆ ಬಿಸಿಗೆ ಹಿಗ್ಗಿ ಕುಗ್ಗುವ ಗುಣ ಕಳೆದುಕೊಂಡು ಸಡಿಲಾಗುತ್ತದೆ.

ವ್ಯಾಯಾಮ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲೇ ಕೂರಬೇಡಿ, ದಯವಿಟ್ಟು. ತೊಡೆಸಂದಿಯ ಬೆಚ್ಚನೆ ತೇವದಲ್ಲಿ ಹುಳುಕಡ್ಡಿಯ ಶಿಲೀಂಧ್ರ ಸಲೀಸಾಗಿ ಬೆಳೆಯುತ್ತದೆ. ಮೈ ಒರೆಸಿ, ಒಣಗಿದ ಹತ್ತಿಬಟ್ಟೆಗೆ ಬದಲಾಯಿಸಿ.