ಟರ್ಬೊ ಬೇರಿಂಗ್: ಎಣ್ಣೆ ಬರುವ ದಾರಿ, ಹೋಗುವ ದಾರಿ

ಹಾಸನದ ಬಳಿ ಹೆದ್ದಾರಿ ಬದಿಯಲ್ಲಿರುವ ನನ್ನ ಡೀಸೆಲ್ ಗ್ಯಾರೇಜಿಗೆ, ಮಂಗಳೂರಿನಿಂದ ಲೋಡು ಹೊತ್ತು ಶಿರಾಡಿ ಘಾಟಿ ಹತ್ತಿ ಬರುವ ಲಾರಿಗಳು ಟರ್ಬೊ (ಎಂಜಿನ್ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ದೂರಿನೊಂದಿಗೆ ಬರುತ್ತಿರುತ್ತವೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪೈಪಿನಲ್ಲಿ ಎಣ್ಣೆ, ಏರು ದಾರಿಯಲ್ಲಿ ಸೀಟಿಯಂಥ ಸದ್ದು ಇವೇ ಸಾಮಾನ್ಯ ಲಕ್ಷಣಗಳು. ಹೊಸ ಟರ್ಬೊ ಹಾಕಿಸಿದ ಮೇಲೂ ಅದೇ ದೂರು ಮರಳಿದರೆ, ಇನ್ನೊಂದು ಟರ್ಬೊ ತರಿಸುವ ಮೊದಲು ಅದಕ್ಕೆ ಎಣ್ಣೆ ಬರುವ ಮತ್ತು ಹೋಗುವ ದಾರಿಗಳನ್ನು ಪರೀಕ್ಷಿಸಬೇಕು ಎಂಬುದು ನನ್ನ ಪದ್ಧತಿ.

ಲಾರಿಗಳ ಟರ್ಬೊಗಳಲ್ಲಿ ಸಾಮಾನ್ಯವಾಗಿ ಬಾಲ್ ಬೇರಿಂಗ್ ಇರುವುದಿಲ್ಲ. ಶಾಫ್ಟಿನ ಮೇಲೆ ಎರಡು ಸಡಿಲ ಬುಷ್‌ಗಳು (ಉಂಗುರದಂಥ ಲೋಹದ ಬೇರಿಂಗ್‌ಗಳು) ಇರುತ್ತವೆ; ಅವುಗಳ ಒಳಗೂ ಹೊರಗೂ ಎಣ್ಣೆಯ ಪದರವಿದ್ದು, ಬುಷ್ ಕೂಡ ಶಾಫ್ಟಿಗಿಂತ ನಿಧಾನವಾಗಿ ತಿರುಗುತ್ತಿರುತ್ತದೆ. ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಶಾಫ್ಟನ್ನು ಲೋಹಕ್ಕೆ ಲೋಹ ತಾಗದಂತೆ ಹಿಡಿಯುವುದು ಈ ಪದರವೇ, ಟರ್ಬೈನ್ (ಹೊಗೆಯಿಂದ ತಿರುಗುವ ಚಕ್ರ) ಕಡೆಯ ಬಿಸಿಯನ್ನು ಹೊತ್ತೊಯ್ಯುವುದೂ ಅದೇ ಎಣ್ಣೆ.

ಇಂತಹ ಒಂದು ಲಾರಿಯ ಟರ್ಬೊ ಬಿಚ್ಚಿದಾಗ ಕಂಪ್ರೆಸರ್ (ಗಾಳಿ ತುಂಬುವ ಚಕ್ರ) ಕಡೆಯ ಬುಷ್ ಹೊಳಪಿನಲ್ಲೇ ಇತ್ತು, ಟರ್ಬೈನ್ ಕಡೆಯದು ಮಾತ್ರ ಕರಿ ಹಿಡಿದಿತ್ತು. ಎಣ್ಣೆಯಲ್ಲಿ ಕಸವಿದ್ದಿದ್ದರೆ ಎರಡರಲ್ಲೂ ಗೀರುಗಳಿರಬೇಕಾಗಿತ್ತು. ಎಣ್ಣೆಯೇ ಬಾರದಿದ್ದರೆ ಶಾಫ್ಟ್ ಎರಡೂ ಕಡೆ ನೀಲಿಗಟ್ಟಬೇಕಾಗಿತ್ತು. ಆದರೂ ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬದೆ, ಟರ್ಬೊಗೆ ಎಣ್ಣೆ ತರುವ ಫೀಡ್ ಪೈಪಿನ ತುದಿಗೇ ಒತ್ತಡದ ಗೇಜ್ ಕಟ್ಟಿ ನೋಡಿದೆ. ಬಿಸಿ ಎಂಜಿನ್ನಿನ ಐಡ್ಲಿಂಗ್‌ನಲ್ಲಿ 10 ಪಿಎಸ್‌ಐ (ಒತ್ತಡದ ಅಳತೆ), ರೇಸಿನಲ್ಲಿ 30 ಪಿಎಸ್‌ಐಗೆ ಕಡಿಮೆಯಾಗಬಾರದು ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಇಲ್ಲಿ ಅದಕ್ಕಿಂತ ಹೆಚ್ಚೇ ಇತ್ತು. ಹಾಗಾಗಿ ದೋಷ ಎಣ್ಣೆ ಹೊರಹೋಗುವ ಕೆಳಗಿನ ಡ್ರೈನ್ ಪೈಪಿನಲ್ಲಿರಬೇಕು ಎನಿಸಿತು.

ಆ ಪೈಪನ್ನು ಹಿಂದೆ ಯಾರೋ ಬದಲಿಸಿ, ನೀರಿನ ಲೈನಿಗೆ ಹಾಕುವ ಸಣ್ಣ ರಬ್ಬರ್ ಹೋಸನ್ನು ಕ್ಲಿಪ್ಪಿನಿಂದ ಬಿಗಿದಿದ್ದರು. ಅದನ್ನು ಉದ್ದಕ್ಕೆ ಸೀಳಿದಾಗ ಒಳಪದರ ಎಣ್ಣೆ ಕುಡಿದು ಊದಿಕೊಂಡು, ಉಗುರಿಗೆ ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಟರ್ಬೊದೊಳಗೆ ಒತ್ತಡದಿಂದ ಹೋದ ಎಣ್ಣೆ ಹೊರಬರುವಾಗ ಗಾಳಿ ಬೆರೆತು ನೊರೆಯಾಗಿರುತ್ತದೆ, ಅದನ್ನು ತಳ್ಳುವ ಪಂಪೂ ಇರುವುದಿಲ್ಲ. ತನ್ನ ಭಾರದಿಂದಲೇ ಇಳಿಯಬೇಕು. ಆದ್ದರಿಂದ ಡ್ರೈನ್ ಪೈಪು ಫೀಡ್ ಪೈಪಿಗಿಂತ ಬಹಳ ದಪ್ಪವಾಗಿರಬೇಕು, ಎಲ್ಲೂ ಜೋತು ಬೀಳದೆ ಇಳಿಜಾರಾಗಿರಬೇಕು, ಎಂಜಿನ್ ತಳದ ತೊಟ್ಟಿಯಾದ ಸಂಪಿನ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಅದು ಕಟ್ಟಿಕೊಂಡರೆ ಟರ್ಬೊದ ಕವಚವಾದ ಹೌಸಿಂಗಿನಲ್ಲಿ ನಿಂತ ಎಣ್ಣೆ ಬಿಸಿಗೆ ಸುಟ್ಟು ಇಂಗಾಲವಾಗುತ್ತದೆ, ಉಳಿದದ್ದು ಸೀಲ್ ರಿಂಗ್ ದಾಟಿ ಹೊರಬರುತ್ತದೆ. ಇದನ್ನು ಕಂಡವರು ಸೀಲ್ ಹೋಗಿದೆ ಎನ್ನುತ್ತಾರೆ. ಎಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಮುಚ್ಚಿ ಕ್ರ್ಯಾಂಕ್‌ಕೇಸಿನಲ್ಲಿ (ಎಂಜಿನ್ನಿನ ಕೆಳಗಿನ ಒಳಭಾಗದಲ್ಲಿ) ಒತ್ತಡ ಹೆಚ್ಚಿದರೂ ಫಲ ಇದೇ ಆಗುವುದರಿಂದ ಬ್ರೀದರನ್ನೂ ತೆಗೆದು ತೊಳೆದೆ.

ಕಂಪನಿಯ ಅಳತೆಯ ಲೋಹದ ಡ್ರೈನ್ ಪೈಪನ್ನೇ ತರಿಸಿ ಕೂರಿಸಿದೆ. ಫೀಡ್ ಪೈಪು ಬಿಸಿ ಹೊಗೆ ಹೊರಬರುವ ಮ್ಯಾನಿಫೋಲ್ಡಿನ ಪಕ್ಕದಲ್ಲೇ ಹಾದು ಹೋಗುವುದರಿಂದ ಒಳಗೆ ಕರಿ ಕಟ್ಟಿರಬಹುದೆಂದು ಅದನ್ನೂ ಹೊಸದು ಹಾಕಿದೆ. ಇದರಲ್ಲಿ ಉಳಿತಾಯ ನೋಡುವುದನ್ನು ನಾನು ಒಪ್ಪುವುದಿಲ್ಲ. ಪ್ಯಾಕಿಂಗಿಗೆ ಸಿಲಿಕೋನ್ ಪೇಸ್ಟ್ ಹಚ್ಚಲಿಲ್ಲ, ಏಕೆಂದರೆ ಒಳಕ್ಕೆ ಹಿಂಡಿ ಬಂದ ಒಂದು ಚೂರು ಸಾಕು ಎಣ್ಣೆಯ ತೂತು ಮುಚ್ಚಲು. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ, ಟರ್ಬೊದ ಬಾಯಿಗೆ ಎಣ್ಣೆ ಹೊಯ್ದು ಶಾಫ್ಟನ್ನು ಕೈಯಿಂದ ತಿರುಗಿಸಿ, ಡೀಸೆಲ್ ನಿಲ್ಲಿಸಿ, ಡ್ರೈನ್ ಕಡೆಯಿಂದ ಎಣ್ಣೆ ಬರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಸಿ, ಆಮೇಲಷ್ಟೇ ಡ್ರೈನ್ ಪೈಪಿನ ಬೋಲ್ಟು ಬಿಗಿದು ಎಂಜಿನ್ ಚಾಲೂ ಮಾಡಿದೆವು.

ಇನ್ನುಳಿದದ್ದು ಚಾಲಕರ ರೂಢಿ. ಘಾಟಿ ಹತ್ತಿದ ಕೂಡಲೇ ಸಕಲೇಶಪುರದ ಹೋಟೆಲಿನ ಮುಂದೆ ಎಂಜಿನ್ ಬಂದ್ ಮಾಡಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಟರ್ಬೈನಿನ ಬಿಸಿ ಮಾತ್ರ ಬುಷ್ ಕಡೆಗೆ ಸರಿಯುತ್ತಲೇ ಇರುತ್ತದೆ. ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ ಎಂದಾಗ ಡೀಸೆಲ್ ಖರ್ಚಿನ ಮಾತು ಬಂತು. ಕರಿ ಹಿಡಿದ ಬುಷ್ಷನ್ನು ಮಾಲೀಕರ ಕೈಗೇ ಕೊಟ್ಟೆ. ಅವರು ಅದನ್ನು ಚಾಲಕನಿಗೆ ತೋರಿಸಿ, "ನೀನು ಚಹಾ ಹೇಳಿ ಬಾ, ಆಮೇಲೆ ಬಂದ್ ಮಾಡು" ಎಂದರು. ಮುಂದಿನ ಸರ್ವಿಸಿಗೆ ಬಂದಾಗ ಇಂಟರ್‌ಕೂಲರ್ ಪೈಪು ಒಣಗಿತ್ತು, ಡಯಲ್ ಗೇಜಿನಲ್ಲಿ ಶಾಫ್ಟಿನ ಹಿಂದುಮುಂದಿನ ಆಟ 0.1 ಮಿಲಿಮೀಟರಿಗಿಂತ ಕಡಿಮೆಯೇ ಇತ್ತು.