ಸೋಮವಾರ ಬೆಳಿಗ್ಗೆ ಹೆಚ್ಚಾದ ಮರೆವು

ಅತ್ತೆಗೆ ಆಲ್ಝೈಮರ್ ಇದೆಯೆಂದು ಗೊತ್ತಾಗಿ ಮೂರು ವರ್ಷವಾಗಿತ್ತು. ನನ್ನನ್ನು ತಂಗಿ ಎಂದುಕೊಂಡು ಅವಳ ಹೆಸರಿನಲ್ಲೇ ಕರೆಯುತ್ತಿದ್ದರು. ಉಂಡ ಕೈ ಒಣಗುವ ಮೊದಲೇ "ಇನ್ನೂ ಬಡಿಸಲಿಲ್ಲವಲ್ಲ" ಎನ್ನುತ್ತಿದ್ದರು. ಆದರೆ ಮಲ್ಲಿಗೆ ಮೊಗ್ಗು, ಬಾಳೆನಾರು ಮುಂದಿಟ್ಟರೆ ಬೆರಳುಗಳಿಗೆ ಮರೆವಿರಲಿಲ್ಲ. ಮೊಳಗಟ್ಟಲೆ ಹೂ ಕಟ್ಟುತ್ತಿದ್ದರು.

ಮಳೆಗಾಲದ ಒಂದು ಸೋಮವಾರ ಎದ್ದವರು ಮಾತೇ ಆಡಲಿಲ್ಲ. ತುತ್ತನ್ನು ಬಾಯಲ್ಲಿಟ್ಟುಕೊಂಡು ಹಾಗೆಯೇ ಕುಳಿತರು. ಸಂಜೆಯ ಹೊತ್ತಿಗೆ ಇಲ್ಲದ ಇರುವೆ ಸಾಲನ್ನು ಗೋಡೆಯಿಂದ ಒರೆಸತೊಡಗಿದರು. ಜ್ವರವಿರಲಿಲ್ಲ. ಮೊದಲು ನೋಡಿದ ವೈದ್ಯರು ಕಾಯಿಲೆ ಮುಂದುವರಿದಿದೆ ಎಂದು ನಿದ್ರೆಯ ಮಾತ್ರೆ ಬರೆದರು. ಅದರಿಂದ ಇನ್ನಷ್ಟು ಮಂಕಾದರು. ನಾಲ್ಕನೆಯ ದಿನ ಬೇರೊಬ್ಬ ವೈದ್ಯೆಯ ಬಳಿಗೆ ಕರೆದೊಯ್ದೆವು. "ಯಾವಾಗಿನಿಂದ ಹೀಗೆ?" ಎಂದರು. ಸೋಮವಾರದಿಂದ ಎಂದೆ. "ಆಲ್ಝೈಮರ್ ವಾರ ನೋಡಿ ಹೆಚ್ಚುವುದಿಲ್ಲಮ್ಮ. ಮೈಯಲ್ಲಿ ಬೇರೇನೋ ಇದೆ, ಹುಡುಕೋಣ."

ಸಿಕ್ಕಿದ್ದು ಮೂತ್ರದ ಸೋಂಕು. ಅದರಿಂದ ಬಂದ ಗಲಿಬಿಲಿಗೆ ಡೆಲಿರಿಯಂ ಎನ್ನುತ್ತಾರೆ.

ಸೋಂಕು ಮೂತ್ರಕೋಶದಲ್ಲಿ, ಗಲಿಬಿಲಿ ತಲೆಯಲ್ಲಿ. ಇದು ನನಗೆ ಅರ್ಥವಾಗಲಿಲ್ಲ, ಓದಿದೆ. ಮಿದುಳಿಗೆ ಮೈಕ್ರೋಗ್ಲಿಯಾ ಎಂಬ ತನ್ನದೇ ರಕ್ಷಣಾ ಕೋಶಗಳಿವೆ. ಸ್ಪೇನಿನ ರಿಯೊ ಒರ್ಟೆಗಾ 1919ರಲ್ಲೇ ಅವನ್ನು ಬೇರೆಯಾಗಿ ಗುರುತಿಸಿದ್ದರು. ಆಲ್ಝೈಮರ್ ಇದ್ದವರಲ್ಲಿ ಇವು ಮಿದುಳಿನಲ್ಲಿ ಜಮೆಯಾಗುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಡ್ಡೆಗಳ ಸುತ್ತ ಮೊದಲೇ ಕೆರಳಿರುತ್ತವೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಮೈಯಲ್ಲಿ ಎಲ್ಲೇ ಸೋಂಕಾಗಲಿ, ರೋಗನಿರೋಧಕ ವ್ಯವಸ್ಥೆ ಹೊರಡಿಸುವ ಸಂಕೇತವಾಹಕ ಪ್ರೋಟೀನುಗಳಾದ ಸೈಟೊಕೈನ್‌ಗಳ ಸುದ್ದಿ ಮಿದುಳಿಗೂ ತಲುಪುತ್ತದೆ. ನಮಗೆ ಜ್ವರದಲ್ಲಿ ಬರುವ ಮಂಕು ಅದೇ. ಕೆಂಡಕ್ಕೆ ಅಷ್ಟೇ ಗಾಳಿ ಸಾಕು. ಬ್ರಿಟನ್ನಿನಲ್ಲಿ 300 ಆಲ್ಝೈಮರ್ ರೋಗಿಗಳನ್ನು ಆರು ತಿಂಗಳು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವೆ ಸೋಂಕು, ಪೆಟ್ಟು ಇಂಥವುಗಳಿಂದ ಉರಿಯೂತಕ್ಕೆ, ಅಂದರೆ ರಕ್ಷಣಾ ವ್ಯವಸ್ಥೆಯ ಈ ಕೆರಳುವಿಕೆಗೆ, ಒಳಗಾದವರ ಬುದ್ಧಿಶಕ್ತಿ ಇಮ್ಮಡಿ ವೇಗದಲ್ಲಿ ಕುಸಿದಿತ್ತು.

ಹತ್ತು ದಿನದಲ್ಲಿ ಅತ್ತೆ ಮತ್ತೆ ನನ್ನನ್ನು ತಂಗಿಯ ಹೆಸರಿನಿಂದ ಕರೆದರು. ಅಳುವೇ ಬಂತು. ಹೂ ಕಟ್ಟುವುದು ಮಾತ್ರ ಹಿಂತಿರುಗಲಿಲ್ಲ. ಈಗ ನಾರು ಕೊಟ್ಟರೆ ಬೆರಳಿಗೆ ಸುತ್ತಿಕೊಂಡು ನೋಡುತ್ತಾ ಕೂರುತ್ತಾರೆ. ಆ ನಾಲ್ಕು ದಿನ ತಡವಾಗದಿದ್ದರೆ ಉಳಿಯುತ್ತಿತ್ತೇನೋ. ಈ ಯೋಚನೆ ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಅತ್ತೆಯ ಲೆಕ್ಕವನ್ನೂ ಬರೆಯುತ್ತೇನೆ: ಎಷ್ಟು ಲೋಟ ನೀರು, ಮಲವಿಸರ್ಜನೆ ಆಯಿತೇ, ನಿದ್ರೆ ಹೇಗಿತ್ತು, ನನ್ನನ್ನು ಏನೆಂದು ಕರೆದರು. ಎಂದಿನ ದಿನ ಹೇಗಿರುತ್ತದೆ ಎಂಬುದು ಬರಹದಲ್ಲಿದ್ದರೆ ಎಂದಿನಂತಿಲ್ಲದ ದಿನ ಕಣ್ಣಿಗೆ ಬೀಳುತ್ತದೆ.

ಅತಿಯನ್ನೂ ಮಾಡಿದೆ. ಸ್ವಲ್ಪ ಗೊಂದಲ ಕಂಡರೂ ಮೂತ್ರದ ಬಾಟಲಿ ಹಿಡಿದು ಲ್ಯಾಬಿಗೆ ಓಡುತ್ತಿದ್ದೆ. ವಯಸ್ಸಾದ ಹೆಂಗಸರ ಮೂತ್ರದಲ್ಲಿ ಕಾಯಿಲೆಯಿಲ್ಲದೆಯೂ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ಬರೀ ವರದಿ ನೋಡಿ ಆ್ಯಂಟಿಬಯೋಟಿಕ್ ಕೊಡಲಾಗದು ಎಂದು ವೈದ್ಯೆ ಗದರಿದರು. ಒಮ್ಮೆ ಕಾರಣ ಬರೀ ಮಲಬದ್ಧತೆ. ಇನ್ನೊಮ್ಮೆ ಕಟ್ಟಿಸಿದ ಹಲ್ಲಿನ ಸೆಟ್ಟಿನಡಿ ಕೆಂಪಗೆ ಹುಣ್ಣು. ನೋಯುತ್ತಿದೆ ಎಂದು ಹೇಳಲು ಅವರಿಗೆ ಮಾತಿರಲಿಲ್ಲ. ಈಗ ರಾತ್ರಿ ಸೆಟ್ಟನ್ನು ತೆಗೆದು ತೊಳೆದು, ಟಾರ್ಚ್ ಹಾಕಿ ಒಸಡನ್ನು ನೋಡುತ್ತೇನೆ.

ಉರಿಯೂತವೇ ತೊಂದರೆಯಾದರೆ ದಿನಕ್ಕೊಂದು ನೋವಿನ ಮಾತ್ರೆ ಕೊಡಬಹುದಲ್ಲ ಎಂದು ನನ್ನ ಗಂಡ ಕೇಳಿದರು. ಅಮೆರಿಕದಲ್ಲಿ 2001ರಿಂದ ನೆನಪು ಚೆನ್ನಾಗಿದ್ದ ವೃದ್ಧರಿಗೇ ನ್ಯಾಪ್ರೋಕ್ಸೆನ್, ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ ಕೊಟ್ಟು ನೋಡಿದ್ದಾರೆ. ಹೃದಯಕ್ಕೆ ಅಪಾಯವೆಂಬ ಆತಂಕದಿಂದ 2004ರಲ್ಲಿ ಮಾತ್ರೆ ನಿಲ್ಲಿಸಿದರು; ಮರೆವಿನಿಂದ ರಕ್ಷಣೆಯೂ ಸಿಗಲಿಲ್ಲ. ನಾದಿನಿ ಹೇಳಿದ ಅರಿಸಿನದ ಹಾಲನ್ನು ಅತ್ತೆಗೆ ಇಷ್ಟವೆಂದು ಕೊಡುತ್ತೇನೆ, ಔಷಧಿಯೆಂದಲ್ಲ. ಫ್ಲೂ ಲಸಿಕೆಯನ್ನು ಮಾತ್ರ ವರ್ಷವರ್ಷ ತಪ್ಪಿಸುವುದಿಲ್ಲ.

ನಿನ್ನೆಯ ಚೌಕದಲ್ಲಿ ಹೀಗಿದೆ: ನೀರು ಐದು ಲೋಟ, ಹೊಟ್ಟೆ ಸರಿ, ನಿದ್ರೆ ಆರು ಗಂಟೆ, ತಂಗಿಯ ಹೆಸರು ಮೂರು ಸಲ.