ಮಕ್ಕಳ ಮೆನು ಒಲ್ಲದ ಮಗಳೊಂದಿಗೆ ಡಿಸ್ನಿ ವರ್ಲ್ಡ್‌ನಲ್ಲಿ

ನನ್ನ ಮಗಳಿಗೆ ಎಂಟು ವರ್ಷ. ಆಲಿವ್, ಬ್ಲೂ ಚೀಸ್, ಕಹಿ ಸೊಪ್ಪು, ಹುಳಿ ಮುಂದಾದ ಮೀನಿನ ಖಾದ್ಯ ಎಂದರೆ ಅವಳಿಗೆ ಪ್ರಾಣ. ಚಿಕನ್ ನಗೆಟ್ ಕಂಡರೆ ಮೂಗು ಮುರಿಯುತ್ತಾಳೆ. ಇದರಲ್ಲಿ ನಮ್ಮ ಸಾಧನೆ ಏನೂ ಇಲ್ಲ, ಹೆಮ್ಮೆಪಡುವಂಥದ್ದೂ ಇಲ್ಲ. ಸಾಮಾನ್ಯವಾಗಿ ಮಕ್ಕಳ ನಾಲಿಗೆ ದೊಡ್ಡವರದಕ್ಕಿಂತ ಹೆಚ್ಚು ಸಿಹಿ ಬೇಡುತ್ತದೆ, ಕಹಿಯನ್ನು ದೂರವಿಡುತ್ತದೆ. ಇವಳ ನಾಲಿಗೆ ತದ್ವಿರುದ್ಧ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೊರಟಾಗ, ಅಲ್ಲಿ ಮಕ್ಕಳ ಊಟದ ಚಿಂತೆಯೇ ಇರುವುದಿಲ್ಲ ಎಂದು ಬಲ್ಲವರೆಲ್ಲ ಹೇಳಿದರು. ಅವರು ಮನಸ್ಸಿನಲ್ಲಿಟ್ಟುಕೊಂಡ ಮಕ್ಕಳೇ ಬೇರೆ.

ಹೊರಡುವ ಮೊದಲು ಡಿಸ್ನಿಯ ಜಾಲತಾಣದಲ್ಲಿ ಮೆನುಗಳನ್ನು ಒಂದೊಂದಾಗಿ ಓದಿದೆ. ಬಹುತೇಕ ಎಲ್ಲ ರೆಸ್ಟೋರೆಂಟ್‌ಗಳ ಮೆನುವೂ ದರಸಹಿತ ಅಲ್ಲಿ ಸಿಗುತ್ತದೆ. ಓದುತ್ತ ಹೋದಂತೆ ತೊಡಕು ಎಲ್ಲಿದೆ ಎಂಬುದು ಸ್ಪಷ್ಟವಾಯಿತು. ಅವಳಿಗೆ ಹಿಡಿಸುವ ರುಚಿಗೆ ಅಲ್ಲಿ ಬರವಿಲ್ಲ. ಆದರೆ ಆ ರುಚಿ ಬರುವುದು ದೊಡ್ಡವರ ತಟ್ಟೆಯಲ್ಲಿ, ದೊಡ್ಡವರ ಬೆಲೆಗೆ, ಅವಳ ಹೊಟ್ಟೆ ಹಿಡಿಯುವುದಕ್ಕಿಂತ ಎರಡು ಪಟ್ಟು ಪ್ರಮಾಣದಲ್ಲಿ. ಮಕ್ಕಳ ಮೆನುವಿನಲ್ಲಿ ಅಳತೆ ಸರಿಯಾಗಿದೆ, ಪದಾರ್ಥ ಅವಳದಲ್ಲ. ಹಾಗಾಗಿ ನಾನು ಹುಡುಕಬೇಕಾದದ್ದು ದೊಡ್ಡವರ ರುಚಿ ಸಣ್ಣ ಅಳತೆಯಲ್ಲಿ ಎಲ್ಲಿ ಸಿಗುತ್ತದೆ ಎಂಬುದನ್ನು ಮಾತ್ರ.

ಮೊದಲು ಕೈಬಿಟ್ಟದ್ದು ಡೈನಿಂಗ್ ಪ್ಲ್ಯಾನ್. ಅಲ್ಲಿನ ಹೋಟೆಲ್‌ಗಳಲ್ಲಿ ತಂಗುವವರು ಊಟಕ್ಕೆ ಮುಂಗಡವಾಗಿ ಹಣ ಕಟ್ಟುವ ವ್ಯವಸ್ಥೆ ಇದು. ಕೆಲವು ವರ್ಷ ನಿಂತುಹೋಗಿದ್ದದ್ದು 2024ರ ಜನವರಿಯಲ್ಲಿ ಮತ್ತೆ ಶುರುವಾಯಿತು. ನಾವು ಹೋದಾಗ ಮೂರರಿಂದ ಒಂಬತ್ತು ವರ್ಷದವರಿಗೆ ದರ ಕಡಿಮೆ ಇತ್ತು, ನಿಜ. ಆದರೆ ಮಕ್ಕಳ ಮೆನು ಇರುವ ಕಡೆ ಅವರು ಅದರಿಂದಲೇ ತೆಗೆದುಕೊಳ್ಳಬೇಕು ಎಂಬುದು ನಿಯಮ. ನಮಗೆ ಬೇಡವಾದದ್ದಕ್ಕೆ ನಾವೇ ಮುಂಚಿತವಾಗಿ ಹಣ ಕೊಟ್ಟಂತೆ! ಪ್ಲ್ಯಾನ್ ಇಲ್ಲದೆ ಹೋದರೆ ಈ ಕಟ್ಟುಪಾಡಿಲ್ಲ, ಎಂಟು ವರ್ಷದವಳು ಯಾವ ಮೆನುವಿನಿಂದ ಬೇಕಾದರೂ ಆರ್ಡರ್ ಮಾಡಬಹುದು.

ಬಫೆಗಳ ಲೆಕ್ಕಾಚಾರ ಇದಕ್ಕೆ ವಿರುದ್ಧ. ಅಲ್ಲಿ ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ. ತಟ್ಟೆಗೆ ಮಾತ್ರ ಯಾರು ಏನನ್ನು ಬಡಿಸಿಕೊಂಡರೂ ಕೇಳುವವರಿಲ್ಲ. ಇಂಥ ಮಗುವಿರುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ವ್ಯವಹಾರ ಇನ್ನೊಂದಿಲ್ಲ. ನಮಗೆ ಹೆಚ್ಚು ಹಿಡಿಸಿದ್ದು ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಹೋಟೆಲ್‌ನಲ್ಲಿರುವ ಬೋಮಾ. ಆಫ್ರಿಕಾದ ಅಡುಗೆಗಳ ಛಾಯೆಯ ರಾತ್ರಿಯೂಟ ಅದು, ಮಸಾಲೆಗೆ ಅಂಜದ ಸೂಪ್‌ಗಳು ಸಾಲಾಗಿರುತ್ತವೆ. ಒಂದೊಂದರಿಂದ ಎರಡೆರಡು ಚಮಚ ಹಾಕಿಕೊಂಡು ತೂಗಿ ನೋಡುವುದು ಮಗಳಿಗೆ ಯಾವ ರೋಲರ್ ಕೋಸ್ಟರ್‌ಗೂ ಕಡಿಮೆಯಾಗಿರಲಿಲ್ಲ. ಒಂದು ಎಚ್ಚರ: ಅಲ್ಲಿನ ಹೆಸರುವಾಸಿ ಸಿಹಿತಿಂಡಿ ಜೀಬ್ರಾ ಡೋಮ್‌ನಲ್ಲಿ ಅಮರೂಲಾ ಎಂಬ ಮದ್ಯ ಸೇರಿರುತ್ತದೆ. ದೊಡ್ಡವರ ರುಚಿಯ ಬೆನ್ನು ಹತ್ತಿದಾಗ ಇಂಥವು ಎದುರಾಗುತ್ತವೆ. ಸಾಸ್‌ನಲ್ಲಿ ವೈನ್ ಇದೆಯೇ, ಸಿಹಿಯಲ್ಲಿ ಮದ್ಯ ಇದೆಯೇ ಎಂದು ಕೇಳುವುದನ್ನು ನಾವು ರೂಢಿ ಮಾಡಿಕೊಂಡೆವು.

ಮಿಕ್ಕಿ, ಡೊನಾಲ್ಡ್ ಜೊತೆ ಊಟ ಮಾಡಬೇಕೆಂಬ ಆಸೆಯಲ್ಲಿ ಮಾತ್ರ ಅವಳು ಅಪ್ಪಟ ಮಗುವೇ. ಅದಕ್ಕೆ ಅನಿಮಲ್ ಕಿಂಗ್‌ಡಮ್ ಪಾರ್ಕಿನ ಟಸ್ಕರ್ ಹೌಸ್ ಹೊಂದಿತು. ಅಲ್ಲೂ ಬಫೆ, ಸಫಾರಿ ಉಡುಪಿನ ಡೊನಾಲ್ಡ್ ಟೇಬಲ್ಲಿನ ಹತ್ತಿರವೇ ಬರುತ್ತಾನೆ. ಇಂಥ ಕಡೆಗಳಲ್ಲಿ ಮುಂಗಡ ಕಾಯ್ದಿರಿಸದೆ ಜಾಗ ಸಿಗುವುದು ಕಷ್ಟ. ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಡಿಸ್ನಿಯ ಹೋಟೆಲ್‌ನಲ್ಲಿ ತಂಗುವವರು ಆ ದಿನವೇ ಇಡೀ ವಾಸ್ತವ್ಯದ, ಹೆಚ್ಚೆಂದರೆ ಹತ್ತು ದಿನಗಳ, ಊಟಗಳನ್ನು ಒಟ್ಟಿಗೆ ಕಾಯ್ದಿರಿಸಬಹುದು.

ಆದರೆ ಅವಳ ನಿಜವಾದ ಸ್ವರ್ಗ ಎಪ್ಕಾಟ್. 1982ರಲ್ಲಿ ತೆರೆದ ಈ ಪಾರ್ಕಿನ ಹಿಂಭಾಗದಲ್ಲಿ ದೊಡ್ಡ ಕೆರೆಯೊಂದರ ಸುತ್ತ ಹನ್ನೊಂದು ದೇಶಗಳ ಪೆವಿಲಿಯನ್‌ಗಳು, ಅಂದರೆ ಆಯಾ ದೇಶದ ಮಾದರಿಯ ಕಟ್ಟಡ, ಅಂಗಡಿ, ಊಟದ ಜಾಗಗಳ ಗುಂಪುಗಳು ಇವೆ. ಒಂದು ಸುತ್ತು ಬರಲು ಸುಮಾರು ಎರಡು ಕಿಲೋಮೀಟರ್ ನಡೆಯಬೇಕು. ಈ ಭಾಗ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ, ಹಾಗಾಗಿ ಅದಕ್ಕೂ ಮೊದಲಿನ ಹಸಿವಿಗೆ ಬೇರೆ ದಾರಿ ನೋಡಿಕೊಂಡಿರಬೇಕು. ಇಲ್ಲಿ ನಾವು ಒಂದೇ ಕಡೆ ಕುಳಿತು ಊಟ ಮಾಡಲೇ ಇಲ್ಲ. ಫ್ರಾನ್ಸ್‌ನ ಬೇಕರಿಯಲ್ಲಿ ಚೀಸ್ ತಟ್ಟೆ, ಜಪಾನ್‌ನ ಕತ್ಸುರಾ ಗ್ರಿಲ್‌ನಲ್ಲಿ ಉಡೋನ್ ಎಂಬ ದಪ್ಪ ನೂಡಲ್ಸ್, ನಡುವೆ ಒಂದಿಷ್ಟು ನಡಿಗೆ. ನಡೆದಷ್ಟೂ ಹಸಿವು ಮರಳುತ್ತಿತ್ತು. ಶರತ್ಕಾಲದ ಆಹಾರ ಉತ್ಸವ, ವಸಂತದ ಹೂವಿನ ಉತ್ಸವ ನಡೆಯುವಾಗ ಹೋದರೆ ಇನ್ನೂ ಅನುಕೂಲ. ದಾರಿಯುದ್ದಕ್ಕೂ ಪುಟ್ಟ ಮಳಿಗೆಗಳು, ಒಂದೊಂದರಲ್ಲೂ ನಾಲ್ಕೈದು ತುತ್ತಿನ ತಟ್ಟೆಗಳು, ಬೆಲೆ ಹೆಚ್ಚಾಗಿ ಆರರಿಂದ ಹತ್ತು ಡಾಲರ್‌ಗಳ ಆಸುಪಾಸು. ದೊಡ್ಡವರು ಇಷ್ಟೇನಾ ಎಂದು ಗೊಣಗುವ ಆ ತಟ್ಟೆ ಎಂಟು ವರ್ಷದವಳಿಗೆ ಅಳೆದು ಮಾಡಿಸಿದಂತಿರುತ್ತದೆ. ಹಿಡಿಸದಿದ್ದರೆ ನಷ್ಟವೂ ಅಲ್ಪ, ಉಳಿದದ್ದನ್ನು ಮುಗಿಸಲು ಅವಳಪ್ಪ ಪಕ್ಕದಲ್ಲೇ ಇರುತ್ತಿದ್ದರು.

ಕುಳಿತು ಉಣ್ಣುವ ರೆಸ್ಟೋರೆಂಟ್‌ಗಳಲ್ಲಿ ಸ್ಟಾರ್ಟರ್‌ಗಳನ್ನೇ ಅವಳ ಊಟವಾಗಿ ತರಿಸಿದೆವು. ಸೂಪ್ ಒಂದು, ಸ್ಟಾರ್ಟರ್ ಒಂದು, ಮುಗಿಯಿತು. ಬಡಿಸುವವರು ಬಣ್ಣದ ಕ್ರಯಾನ್‌ಗಳೊಂದಿಗೆ ಮಕ್ಕಳ ಮೆನು ಕೊಟ್ಟಾಗ ಅವಳು ಕ್ರಯಾನ್ ಇಟ್ಟುಕೊಂಡು ಮೆನು ಹಿಂದಿರುಗಿಸುತ್ತಿದ್ದಳು. “ಇದು ಖಾರ ಇರುತ್ತದೆ ಪುಟ್ಟಾ” ಎಂದು ಕೆಲವರು ನನ್ನ ಮುಖ ನೋಡುತ್ತಿದ್ದರು. ಅವರ ಕಾಳಜಿ ನ್ಯಾಯವಾದದ್ದೇ. ಸಾಸ್ ಬೇರೆ ಬಟ್ಟಲಲ್ಲಿ ಕೊಡಿ ಎಂದರೆ ಅವರಿಗೂ ಸಮಾಧಾನ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿದಾನಿ ವಿಲೇಜ್‌ನಲ್ಲಿರುವ ಸನಾ ಎಂಬಲ್ಲಿ ಬ್ರೆಡ್ ಸರ್ವಿಸ್ ಎಂದರೆ ನಾನ್, ಕುಲ್ಚಾಗಳಂಥ ಐದು ಬಗೆ ರೊಟ್ಟಿ, ಜೊತೆಗೆ ಹುಣಸೆ, ಕೊತ್ತಂಬರಿ ಚಟ್ನಿಗಳಿಂದ ಬೆಳ್ಳುಳ್ಳಿ ಉಪ್ಪಿನಕಾಯಿವರೆಗೆ ಒಂಬತ್ತು ನಂಚಿಕೊಳ್ಳುವ ಪದಾರ್ಥಗಳು. ಮೆನುವಿನಲ್ಲಿ ಅದು ಸ್ಟಾರ್ಟರ್. ನಮ್ಮ ಪಾಲಿಗೆ ಅದೇ ಮಧ್ಯಾಹ್ನದ ಊಟವಾಯಿತು, ಕಿಟಕಿಯಾಚೆ ಜಿರಾಫೆಗಳು ಓಡಾಡಿಕೊಂಡಿದ್ದವು.

ಕೌಂಟರ್ ಊಟಗಳಲ್ಲಿ ಅನಿಮಲ್ ಕಿಂಗ್‌ಡಮ್ ಪಾರ್ಕಿನ ಪಂಡೋರಾ ಭಾಗದ ಸಾಟುಲಿ ಕ್ಯಾಂಟೀನ್ ಮಾತ್ರ ನಮ್ಮ ಹುಡುಕಾಟಕ್ಕೆ ಹೇಳಿ ಮಾಡಿಸಿದ ಜಾಗ. ತಳಕ್ಕೆ ಏನು, ಮೇಲೆ ಏನು, ಸಾಸ್ ಯಾವುದು ಎಂದು ನಾವೇ ಆರಿಸಿ ಬಟ್ಟಲು ಕಟ್ಟಿಸಿಕೊಳ್ಳಬಹುದು. ಅದೇ ಬಗೆಯ ಬಟ್ಟಲು ಮಕ್ಕಳ ಅಳತೆಯಲ್ಲೂ ಇದೆ. ಉಳಿದ ಕೌಂಟರ್‌ಗಳಲ್ಲಿ ಒಂದು ದೊಡ್ಡವರ ಊಟವನ್ನು ಇಬ್ಬರು ಹಂಚಿಕೊಂಡೆವು.

ರುಚಿಯಷ್ಟೇ ಕಾಡಿದ್ದು ಹೊತ್ತು. ನಾಲಿಗೆ ದೊಡ್ಡವರದಾದರೂ ಹೊಟ್ಟೆ ಮಗುವಿನದೇ, ಹಸಿವು ಹೇಳಿ ಕೇಳಿ ಬರುವುದಿಲ್ಲ. ಡಿಸ್ನಿಯ ಆ್ಯಪ್‌ನಲ್ಲಿ ಮೊದಲೇ ಆರ್ಡರ್ ಮಾಡಿ ತಲುಪುವ ಸಮಯ ಆರಿಸಿಕೊಂಡರೆ ಕೌಂಟರ್‌ನ ಸರತಿ ತಪ್ಪುತ್ತದೆ. ಹೊರಗಿನ ತಿಂಡಿ ಒಳಗೆ ಒಯ್ಯಲು ಪಾರ್ಕುಗಳಲ್ಲಿ ಅನುಮತಿ ಇದೆ. ಗಾಜಿನ ಪಾತ್ರೆ ಕೂಡದು, ಬಿಸಿ ಮಾಡಬೇಕಾದದ್ದು ಕೂಡದು. ನನ್ನ ಚೀಲದಲ್ಲಿ ಉಪ್ಪು ನೀರಿನ ಆಲಿವ್ ಪೊಟ್ಟಣ, ಗಟ್ಟಿ ಚೀಸ್ ತುಂಡು, ಹುರಿದ ಕಡಲೆ ಸದಾ ಇರುತ್ತಿದ್ದವು. ಇಷ್ಟು ಉಪ್ಪು ತಿನ್ನುವ ಮಗುವಿಗೆ ಫ್ಲೋರಿಡಾದ ಬಿಸಿಲಲ್ಲಿ ನೀರು ಹೆಚ್ಚು ಬೇಕು. ತಂಪು ಪಾನೀಯದ ಯಂತ್ರವಿರುವ ಕೌಂಟರ್‌ಗಳಲ್ಲಿ ಕೇಳಿದರೆ ಐಸ್ ನೀರು ಉಚಿತ.

ಸುಸ್ತಾದ ಸಂಜೆಗಳಲ್ಲಿ ಈ ಯಾವ ಸಿದ್ಧತೆಯೂ ಬೇಕಾಗುತ್ತಿರಲಿಲ್ಲ. ಬ್ರೆಡ್ಡು ಬೆಣ್ಣೆ ಸಾಕು ಎನ್ನುತ್ತಿದ್ದಳು, ನಾವೂ ಕೊಟ್ಟು ಸುಮ್ಮನಾಗುತ್ತಿದ್ದೆವು. ಈಗ ಮತ್ತೆ ಹೋಗೋಣ ಎನ್ನುತ್ತಿದ್ದಾಳೆ. ಹತ್ತು ತುಂಬಿದರೆ ಬಫೆಯಲ್ಲೂ ಟಿಕೆಟ್‌ನಲ್ಲೂ ದೊಡ್ಡವರ ದರ, ಆದ್ದರಿಂದ ಹೋಗುವುದಾದರೆ ಆ ಹುಟ್ಟುಹಬ್ಬಕ್ಕೆ ಮೊದಲೇ.